ನೀಲಗಿರಿ ಬೊಡ್ಡೆಗೆ 12 ಟನ್: ಮನೆಯಲ್ಲೇ ಕಟ್ಟಿದ ಸೌದೆ ಯಂತ್ರ

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಒಲೆ ಬೆಳಗಿನ ಜಾವಕ್ಕೇ ಹೊತ್ತಿಕೊಳ್ಳುತ್ತದೆ. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಮೆತ್ತಗಾಗಬೇಕಾದರೆ ಬೇಯಿಸುವ ನೀರಿನ ಬಿಸಿ ಕುದಿಯುವ ಹಂತದ ಆಸುಪಾಸಿನಲ್ಲೇ ಇರಬೇಕು. ಉರಿ ಏರಿಳಿದರೆ ಗೂಡು ಸಮನಾಗಿ ಬೇಯದೆ ಎಳೆ ಪದೇಪದೇ ತುಂಡಾಗುತ್ತದೆ. ಆದ್ದರಿಂದ ನಮ್ಮ ಘಟಕದ ಒಲೆಗೆ ಒಂದೇ ಉದ್ದದ, ಹೆಚ್ಚುಕಡಿಮೆ ಒಂದೇ ದಪ್ಪದ, ಚೆನ್ನಾಗಿ ಒಣಗಿದ ಸೀಳುಗಳೇ ಬೇಕು. ಕೊಡಲಿ ಹಿಡಿಯುವ ಆಳುಗಳು ಸಿಗುವುದು ಈಚೆಗೆ ಕಷ್ಟವಾಗಿರುವುದರಿಂದ, ಸೌದೆ ಕತ್ತರಿಸಿ ಸೀಳುವ ಯಂತ್ರವೊಂದನ್ನು ನಾನೇ ಕಟ್ಟಲು ಕೈಹಾಕಿದೆ.

ನಮ್ಮ ಕಡೆ ಸೌದೆಯೆಂದರೆ ನೀಲಗಿರಿ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಬಂತೆಂದು ಹೇಳಲಾಗುವ ಈ ಮರ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಹೊತ್ತಿಗೆ ಅವಿಭಜಿತ ಕೋಲಾರ ಜಿಲ್ಲೆಯ ರಾಗಿ ಹೊಲಗಳಿಗೂ ಇಳಿಯಿತು. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಈಗ ನಮ್ಮ ಸುತ್ತಲಿನ ಹಲವರು ತೋಪುಗಳನ್ನು ಬುಡಸಮೇತ ಕೀಳಿಸುತ್ತಿದ್ದಾರೆ. ನೆಟ್ಟಗಿರುವ ಗಳಗಳು ಕಾಗದದ ಕಾರ್ಖಾನೆಗೂ ಸೆಂಟ್ರಿಂಗ್ ಕೆಲಸಕ್ಕೂ ಹೋಗುತ್ತವೆ. ಒಲೆಗೆ ಉಳಿಯುವುದು ಬೊಡ್ಡೆ, ಕವಲು ಮತ್ತು ಸೊಟ್ಟ ತುಂಡುಗಳು. ಇದರ ನಾರು ತಿರುಚಿಕೊಂಡಿರುತ್ತದೆ. ಹಸಿಯಾಗಿದ್ದಾಗಲೇ ಸೀಳದೆ ಬಿಟ್ಟರೆ ಬೇಸಿಗೆ ಕಳೆಯುವಷ್ಟರಲ್ಲಿ ಕೊಡಲಿಗೆ ಬಗ್ಗುವುದೇ ಇಲ್ಲ.

ಚಿಂತಾಮಣಿಯ ಗುಜರಿಯಲ್ಲಿ ಹಳೆಯ ಜೆಸಿಬಿಯದೊಂದು ಹೈಡ್ರಾಲಿಕ್ ಸಿಲಿಂಡರ್, ಅಂದರೆ ಎಣ್ಣೆಯ ಒತ್ತಡದಿಂದ ದಂಡವನ್ನು ತಳ್ಳುವ ಕೊಳವೆ, ಸಿಕ್ಕಿತು. ಒಳವ್ಯಾಸ 100 ಮಿ.ಮೀ., ಅಂದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ.; 150 ಬಾರ್ ಒತ್ತಡ ಕೊಟ್ಟರೆ ತಳ್ಳುವ ಬಲ ಸುಮಾರು 12 ಟನ್. ಸೀಲ್ ಕಿಟ್ ಬದಲಿಸಿ, ಒಂದೊಂದು ಸುತ್ತಿಗೂ 8 ಸಿ.ಸಿ. ಎಣ್ಣೆ ತಳ್ಳುವ ಗೇರ್ ಪಂಪನ್ನು 5 ಎಚ್‌ಪಿ ಮೋಟಾರಿಗೆ ಜೋಡಿಸಿದೆ. 1440 ಸುತ್ತಿನಲ್ಲಿ ನಿಮಿಷಕ್ಕೆ ಹನ್ನೊಂದೂವರೆ ಲೀಟರ್ ಎಣ್ಣೆ ಬರುವುದರಿಂದ ದಂಡ ಸೆಕೆಂಡಿಗೆ ಎರಡೂವರೆ ಸೆಂ.ಮೀ.ಗಿಂತ ಬೇಗ ಸರಿಯುವುದಿಲ್ಲ. ನಿಧಾನವೆಂದು ನೋಡಿದವರೆಲ್ಲ ಹೇಳಿದರು. ಆದರೆ ದೊಡ್ಡ ಪಂಪು ಹಾಕಿದರೆ ಪೂರ್ಣ ಒತ್ತಡದಲ್ಲಿ ಈ ಮೋಟಾರು ಎಳೆಯಲಾರದು. ಮೇಲಾಗಿ ತುಂಡು ಅರ್ಧ ದಾರಿಯಲ್ಲೇ ಬಿರಿಯುವುದರಿಂದ ದಂಡ ಕೊನೆಯವರೆಗೆ ಹೋಗಬೇಕಾದದ್ದೂ ಇಲ್ಲ.

ಬಲಕ್ಕಿಂತ ಹೆಚ್ಚು ಯೋಚನೆ ಮಾಡಿಸಿದ್ದು ಸಿಲಿಂಡರ್, ತುಂಡು, ಬೆಣೆ ಮೂರನ್ನೂ ಹೊರುವ ಉಕ್ಕಿನ ತೊಲೆ, ಅಂದರೆ ಬೀಮ್. ತುಂಡು ಬೀಮಿನ ಮೇಲೆ ಕೂರುವುದರಿಂದ ಒತ್ತಡದ ರೇಖೆ ಬೀಮಿನ ನಡುವಿನಿಂದ 20 ಸೆಂ.ಮೀ. ಮೇಲಿರುತ್ತದೆ, ಆ 12 ಟನ್ ಬೀಮನ್ನು ಬಿಲ್ಲಿನಂತೆ ಬಗ್ಗಿಸಲು ನೋಡುತ್ತದೆ. ವೆಲ್ಡಿಂಗ್ ಅಂಗಡಿಯವರು 6 ಇಂಚಿನ ಐ-ಬೀಮ್ ಧಾರಾಳ ಸಾಕೆಂದರು, ಲೆಕ್ಕ ಹಾಕಿದರೆ ಅದು ಬಗ್ಗಿ ಹಾಗೇ ಉಳಿಯುವ ಅಪಾಯವಿತ್ತು. ಹಾಗಾಗಿ 200 ಮಿ.ಮೀ. ಬೀಮನ್ನೇ ತಂದೆ. ಪರೀಕ್ಷೆಯ ದಿನ ಬೀಮಿನ ತುದಿಯಿಂದ ತುದಿಗೆ ದಾರ ಬಿಗಿದು, ದಂಡವನ್ನು ಕಬ್ಬಿಣದ ದಿಂಡಿಗೆ ಒತ್ತಿ, ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವನ್ನು 80, 120, 150 ಬಾರ್ ಎಂದು ಹಂತಹಂತವಾಗಿ ಬಿಗಿ ಮಾಡುತ್ತಾ ಹೋದೆವು. ಪೂರ್ಣ ಒತ್ತಡದಲ್ಲಿ ಬೀಮಿನ ನಡುಭಾಗ ದಾರದಿಂದ ಸುಮಾರು 2 ಮಿ.ಮೀ. ಸರಿದು, ಲಿವರ್ ಬಿಟ್ಟೊಡನೆ ಮೊದಲಿನ ಜಾಗಕ್ಕೇ ಬಂದಿತು.

ನನ್ನ ಅನುಭವದಲ್ಲಿ ಈ ಯಂತ್ರದ ಪ್ರಾಣವಿರುವುದು ಬೆಣೆಯಲ್ಲಿ. ನಾಲ್ಕು ಸೀಳು ಒಮ್ಮೆಗೇ ಬರಲೆಂದು ಅಡ್ಡರೆಕ್ಕೆಗಳಿರುವ ಬೆಣೆ ಬೇಕಿತ್ತು, ಆದರೆ ನಾಲ್ಕೂ ಅಲಗುಗಳು ಒಟ್ಟಿಗೆ ಮರಕ್ಕೆ ಇಳಿದರೆ ಬಲ ಸಾಲುವುದಿಲ್ಲ. ಅದಕ್ಕಾಗಿ ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ನಿಲುವಿನ ಅಲಗನ್ನು ಮುಂದಿಟ್ಟು, ರೆಕ್ಕೆಗಳನ್ನು 8 ಸೆಂ.ಮೀ. ಹಿಂದಕ್ಕೆ, ಕಳಚಿಡಲು ಬರುವಂತೆ ಕೂರಿಸಿದೆ. ಮೊದಲ ಅಲಗು ತುಂಡನ್ನು ಇಬ್ಭಾಗ ಮಾಡಿ ನಾರಿನ ಹಿಡಿತ ಸಡಿಲಿಸಿದ ಮೇಲೆಯೇ ರೆಕ್ಕೆಗಳ ಸರದಿ. ಕಮಾನು ಪಟ್ಟಿಯನ್ನು ಬೆಸೆಯುವ ಮುನ್ನ ಚೆನ್ನಾಗಿ ಕಾಯಿಸಿ, ಬೆಸೆದ ಮೇಲೆ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು, ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ನೆಟ್ಟಗಿನ ಹಸಿ ನೀಲಗಿರಿ 50 ಬಾರ್ ಆಸುಪಾಸಿನಲ್ಲೇ ಚಟಚಟನೆ ಬಿಟ್ಟುಕೊಂಡಿತು. ಅಲಗು ಒಳಹೊಕ್ಕಂತೆ ತುದಿಯಲ್ಲಿ ನೊರೆನೊರೆಯಾಗಿ ನೀರು ಜಿನುಗಿ ನೀಲಗಿರಿ ಎಣ್ಣೆಯ ಘಾಟು ಎದ್ದಿತು. ಗಂಟಿರುವ ಬೊಡ್ಡೆಗೆ ಒತ್ತಡ ಮಾಪಕದ ಮುಳ್ಳು 110 ದಾಟಿತು. ಹುಣಸೆಯ ಬುಡಕ್ಕೆ ಮಾತ್ರ 150 ಮುಟ್ಟಿ ರಿಲೀಫ್ ವಾಲ್ವ್ ಕಿರುಚತೊಡಗಿತು. ರೆಕ್ಕೆ ಕಳಚಿದರೂ ಅದು ಜಗ್ಗಲಿಲ್ಲ. ಅಂಥವು ಸಾಮಿಲ್ಲಿಗೇ ಹೋಗಲಿ.

ಕತ್ತರಿಸುವ ಭಾಗದ ವಿಷಯ ಸರಳವಾದದ್ದು. ಕೀಲಿನ ಮೇಲೆ ಏರಿಳಿಯುವ ಕರೆಂಟಿನ ಚೈನ್ ಸಾ, ಅದರ ಕೆಳಗೆ ವಿ ಆಕಾರದ ತೊಟ್ಟಿ, 40 ಸೆಂ.ಮೀ.ಗೆ ಒಂದು ತಡೆ, ಇಷ್ಟೇ. ಕತ್ತರಿಸಿದ ತುಂಡು ತಾನಾಗಿ ಬೀಮಿನ ಮೇಲೆ ಉರುಳುತ್ತದೆ. ದಂಡ ಮುಂದೆ ಸರಿಯಬೇಕಾದರೆ ಎರಡು ಲಿವರ್‌ಗಳನ್ನು ಎರಡೂ ಕೈಗಳಿಂದ ಹಿಡಿದಿರಬೇಕೆಂಬ ಏರ್ಪಾಡು ಮಾಡಿದ್ದೇನೆ; ಒಂದು ಕೈ ಖಾಲಿಯಿದ್ದರೆ ಅದು ತುಂಡನ್ನು ಸರಿಪಡಿಸಲು ಹೋಗಿಯೇ ಹೋಗುತ್ತದೆ. ಹೋಸ್ ಪೈಪು ಜಿನುಗುತ್ತಿದೆಯೇ ಎಂದು ಬೆರಳಿಟ್ಟು ನೋಡಲು ಯಾರನ್ನೂ ಬಿಡುವುದಿಲ್ಲ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಅದಕ್ಕೆ ರಟ್ಟಿನ ತುಂಡು ಸಾಕು.

ಸೀಳಿದ ಸೌದೆಯನ್ನು ಗಾಳಿಯಾಡುವಂತೆ ಅಟ್ಟಿ ಹಾಕಿ, ಗುರುತು ಮಾಡಿದ ಒಂದು ಸೀಳನ್ನು ಗೂಡು ತೂಗುವ ತಕ್ಕಡಿಯಲ್ಲೇ ವಾರವಾರ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆ ಮಾತ್ರ ಒಲೆಗೆ. ಸೌದೆಯಲ್ಲಿ ಉಳಿದ ಒಂದೊಂದು ಕಿಲೋ ನೀರೂ ಆವಿಯಾಗಲು 540 ಕಿಲೋಕ್ಯಾಲರಿಗಿಂತ ಹೆಚ್ಚು ಶಾಖವನ್ನು ಒಲೆಯಿಂದಲೇ ಕಸಿದುಕೊಳ್ಳುತ್ತದೆ.

ತ್ರೀಫೇಸ್ ಕರೆಂಟು ಬಂದ ಹೊತ್ತಿಗೆ ಕಾದು ಕೂರುವುದು ತಪ್ಪಲೆಂದು, ಪಂಪನ್ನು ಟ್ರ್ಯಾಕ್ಟರಿನ ಪಿಟಿಒದಿಂದಲೂ (ಬೇರೆ ಯಂತ್ರಗಳನ್ನು ತಿರುಗಿಸಲು ಟ್ರ್ಯಾಕ್ಟರಿನ ಹಿಂದಿರುವ ದಂಡದಿಂದಲೂ) ಓಡಿಸುವ ಸಿದ್ಧತೆ ನಡೆದಿದೆ. ಪಿಟಿಒ ತಿರುಗುವುದು ನಿಮಿಷಕ್ಕೆ 540 ಸುತ್ತು, ಪಂಪಿಗೆ ಬೇಕಾದದ್ದು 1440. ಅದಕ್ಕಾಗಿ 16 ಇಂಚಿನದೊಂದು, 6 ಇಂಚಿನದೊಂದು ಪುಲ್ಲಿಯನ್ನು ಲೇತಿಗೆ ಕೊಟ್ಟಿದ್ದೇನೆ.