ಡ್ಯುಪ್ಲೆಕ್ಸರ್ ಕೇಬಲ್: ಎಲ್ಲಿಂದ ಎಲ್ಲಿಗೆ ಅಳೀಬೇಕು?

ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ರೇಡಿಯೋ ಕೇಂದ್ರ) ಕಟ್ಟಲು ಹೊರಟ ಹೊಸ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಜಾಸ್ತಿ ಕೇಳುವುದು ಡ್ಯುಪ್ಲೆಕ್ಸರಿನ ಕ್ಯಾವಿಟಿಗಳ, ಅಂದರೆ ಫ್ರೀಕ್ವೆನ್ಸಿಗಳನ್ನು ಬೇರ್ಪಡಿಸುವ ಲೋಹದ ಡಬ್ಬಿಗಳ ಬಗ್ಗೆ. ನನ್ನ ಕಣ್ಣು ಮಾತ್ರ ಅವುಗಳ ನಡುವಿನ ಕೇಬಲ್ ಮೇಲೆ.

2 ಮೀಟರ್ ಬ್ಯಾಂಡಿನಲ್ಲಿ ಕಳಿಸುವ, ಕೇಳುವ ಫ್ರೀಕ್ವೆನ್ಸಿಗಳ ನಡುವೆ ಇರುವುದು ಬರೀ 600 ಕಿಲೋಹರ್ಟ್ಸ್. ಆಂಟೆನಾ ಒಂದೇ; ಅದನ್ನು ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಒಟ್ಟಿಗೆ ಬಳಸುವಂತೆ ಮಾಡುವುದೇ ಡ್ಯುಪ್ಲೆಕ್ಸರ್. ಟೀ ಕನೆಕ್ಟರಿನಲ್ಲಿ ದಾರಿ ಕವಲೊಡೆಯುತ್ತದೆ. ನಾಚ್ (ಒಂದು ಫ್ರೀಕ್ವೆನ್ಸಿಯನ್ನು ತಡೆಯುವ ಏರ್ಪಾಡು) ಇರುವ ಡ್ಯುಪ್ಲೆಕ್ಸರಿನಲ್ಲಿ, ಟ್ರಾನ್ಸ್‌ಮಿಟರ್ ಕಡೆಯ ಕ್ಯಾವಿಟಿ ಒಳಬರುವ ಸಿಗ್ನಲ್‌ಗೆ ಶಾರ್ಟ್ ಇದ್ದಂತೆ. ನಡುವೆ ಕಾಲು ತರಂಗದ (ತರಂಗದ ಉದ್ದದ ಕಾಲು ಭಾಗದ) ಕೇಬಲ್ ಇದ್ದರೆ ಅದೇ ಶಾರ್ಟ್ ಟೀ ಹತ್ತಿರ ಓಪನ್, ಅಂದರೆ ಕಡಿದ ದಾರಿ, ಆಗಿ ಕಾಣುತ್ತದೆ. ಸಿಗ್ನಲ್ ಆ ಕಡೆ ತಿರುಗದೆ ನೇರ ರಿಸೀವರಿಗೆ ಹೋಗುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ?

ಲೆಕ್ಕ ಸುಲಭ. 145 ಮೆಗಾಹರ್ಟ್ಸ್‌ಗೆ ಗಾಳಿಯಲ್ಲಿ ಕಾಲು ತರಂಗ ಅಂದರೆ 51.7 ಸೆಂ.ಮೀ. ಆರ್‌ಜಿ-214ರ ವೆಲಾಸಿಟಿ ಫ್ಯಾಕ್ಟರ್ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್ಲಿನಲ್ಲಿ ಸಿಗ್ನಲ್ಲಿನ ವೇಗ) 0.66, ಹಾಗಾಗಿ 34.1 ಸೆಂ.ಮೀ. ಟೆಫ್ಲಾನ್‌ನ ಆರ್‌ಜಿ-400 ಆದರೆ ಸುಮಾರು 36. ಆದರೆ ಸುಮ್ನೆ ಅಷ್ಟುದ್ದ ಕತ್ತರಿಸಿಬಿಡಬೇಡಿ. ಆ ಅಳತೆ ಟೀ ನಡುವಿನಿಂದ ಶುರುವಾಗಿ, ಎರಡೂ ತುದಿಯ ಎನ್ ಕನೆಕ್ಟರ್ ದಾಟಿ, ಕ್ಯಾವಿಟಿಯೊಳಗೆ ಸಿಗ್ನಲ್ ದಾಟಿಸುವ ಲೂಪನ್ನೂ ಸೇರಿಸಿಕೊಳ್ಳುತ್ತದೆ. ಕೇಬಲ್ಲಿಗೆ ಉಳಿಯುವ ಪಾಲು ಕಡಿಮೆ.

ನಾನು ಮೊದಲು ಒಂದೆರಡು ಸೆಂ.ಮೀ. ಜಾಸ್ತಿ ಬಿಡುತ್ತೇನೆ. ಒಂದು ತುದಿಗೆ ಕನೆಕ್ಟರ್ ಹಾಕಿ, ಇನ್ನೊಂದು ತುದಿಯನ್ನು ಹಾಗೇ ಬಿಟ್ಟು, ಕೇಬಲ್, ಆಂಟೆನಾ ಅಳೆಯುವ ಪುಟ್ಟ ಉಪಕರಣವಾದ ನ್ಯಾನೋವಿಎನ್‌ಎಗೆ ಸಿಕ್ಕಿಸುತ್ತೇನೆ. ಅದರ ಪರದೆಯ ದುಂಡಗಿನ ಸ್ಮಿತ್ ಚಾರ್ಟಿನ ಎಡತುದಿಗೆ ಮಾರ್ಕರ್ ಯಾವ ಫ್ರೀಕ್ವೆನ್ಸಿಯಲ್ಲಿ ಬರುತ್ತದೋ, ಆ ಫ್ರೀಕ್ವೆನ್ಸಿಗೆ ಆ ತುಂಡು ಕಾಲು ತರಂಗ. 3 ಮಿ.ಮೀ. ಕತ್ತರಿಸಿದರೆ ಅದು ಸುಮಾರು 1.3 ಮೆಗಾಹರ್ಟ್ಸ್ ಮೇಲೇರುತ್ತದೆ. ಕೊನೆಯ ಒಪ್ಪಿಗೆ ಮಾತ್ರ ಡ್ಯುಪ್ಲೆಕ್ಸರಿನದೇ: ಜೋಡಿಸಿ, ಎರಡೂ ದಾರಿಯ ಲಾಸ್ ನೋಡಿ.

ಇನ್ನೊಂದು ಮಾತು. ಒಂಟಿ ಹೆಣಿಗೆಯ ಆರ್‌ಜಿ-58 ಇಲ್ಲಿ ಬೇಡವೇ ಬೇಡ. ಅದರ ಶೀಲ್ಡಿನಿಂದ ಸೋರುವ ಸಿಗ್ನಲ್, ಕ್ಯಾವಿಟಿಗಳು ಕಷ್ಟಪಟ್ಟು ಕೊಟ್ಟ ಐಸೊಲೇಶನ್ನನ್ನು (ಎರಡೂ ದಾರಿಗಳ ಬೇರ್ಪಡಿಕೆಯನ್ನು) ತಿಂದುಹಾಕುತ್ತದೆ.