"ಮಿಸೆಸ್‌ಗಾ ಸಾರ್?"

ಮೊನ್ನೆ ಮಂಗಳವಾರ ಬ್ಯಾಂಕ್ ಮುಗಿಸ್ಕೊಂಡು ಬರ್ತಾ ನಮ್ಮ ರಸ್ತೆ ಮೂಲೆ ಮೆಡಿಕಲ್ ಸ್ಟೋರಲ್ಲಿ ಚೀಟಿ ಕೊಟ್ಟೆ. ಥೈರೋನಾರ್ಮ್ 75, ಅಂದ್ರೆ ಥೈರಾಯ್ಡ್ ಕಮ್ಮಿ ಇರೋರು ತಗೊಳೋ ಮಾತ್ರೆ, 75 ಮೈಕ್ರೋಗ್ರಾಂದು. ಇಲ್ಲೀವರೆಗೂ 50 ತಗೋತಿದ್ದೆ, ರಿಪೋರ್ಟ್ ನೋಡಿ ಡಾಕ್ಟ್ರು ಏರಿಸಿದ್ರು. ಅಂಗಡಿಯವರು ಹಿಂದಿನ ರ‍್ಯಾಕಿಂದ ಬಾಟ್ಲಿ ತೆಗೀತಾ, ಚೀಟಿ ಮೇಲಿನ ಹೆಸರು ಕೂಡ ನೋಡದೆ, "ಮಿಸೆಸ್‌ಗಾ ಸಾರ್?" ಅಂದ್ರು.

"ಇಲ್ಲ, ನಂಗೇ."

"ಓ."

ಆಮೇಲೆ ಚೀಟಿ ನೋಡಿದ್ರು, ನನ್ನ ಮುಖ ನೋಡಿದ್ರು, ಮತ್ತೆ ಚೀಟಿ ನೋಡಿದ್ರು. ಪಕ್ಕದಲ್ಲಿ ಕೆಮ್ಮಿನ ಸಿರಪ್ ತಗೊಳಕ್ಕೆ ನಿಂತಿದ್ದ ಯಜಮಾನರೊಬ್ರು ನನ್ನ ಮೀಸೇನ ಒಂದ್ಸಲ ಚೆನ್ನಾಗಿ ಗಮನಿಸಿ, "ಗಂಡಸ್ರಿಗೂ ಬರುತ್ತೇನಪ್ಪಾ ಅದು?" ಅಂತ ಕೇಳೇಬಿಟ್ರು. ನಾನು ಬಾಯಿ ಬಿಡೋ ಮುಂಚೆ ಅಂಗಡಿಯವರೇ "ಬರುತ್ತೆ ಯಜಮಾನ್ರೇ, ಅಪ್ರೂಪಕ್ಕೆ" ಅಂದ್ರು, ಏನೋ ನನ್ನ ಮಾನ ಉಳಿಸೋ ಥರ. ಪಾಪ ಒಳ್ಳೆ ಮನುಷ್ಯ, ಚಿಲ್ಲರೆ ಇಲ್ಲ ಅಂದ್ರೆ ನಾಳೆ ಕೊಡಿ ಅನ್ನೋರು. ಆದ್ರೆ ಆ "ಓ" ಮಾತ್ರ ಮನೆಗೆ ಬಂದ್ರೂ ತಲೇಲಿ ಹಂಗೇ ಇತ್ತು. ಶುಗರ್ ಮಾತ್ರೆ ಕೇಳಿದ್ರೆ ಯಾರೂ ಓ ಅನ್ನಲ್ಲ, ಬಿಪಿ ಮಾತ್ರೆ ಅಂದ್ರೆ ನಂಗೂ ಇದೆ ಸಾರ್ ಅಂತ ಕೈ ಕುಲುಕ್ತಾರೆ, ಇದು ಕೇಳಿದ್ರೆ ಮಾತ್ರ ಹೆಂಡ್ತಿ ಸೀರೆ ಉಟ್ಕೊಂಡು ಬಂದವನನ್ನ ನೋಡ್ದಂಗೆ ನೋಡ್ತಾರೆ.

ಹೆಂಗಸ್ರಿಗೆ ಹಲವು ಪಟ್ಟು ಜಾಸ್ತಿ ಬರೋದು ನಿಜಾನೇ. ನನ್ನದು ಹಶಿಮೋಟೋ ಅಂತೆ, ಅಂದ್ರೆ ನಮ್ಮ ಮೈಯೇ ನಮ್ಮ ಥೈರಾಯ್ಡ್ ಗ್ರಂಥಿ ಮೇಲೆ ತಿರುಗಿಬೀಳೋದು. 1912ರಲ್ಲಿ ಹಕರು ಹಶಿಮೋಟೋ ಅನ್ನೋ ಜಪಾನಿ ಡಾಕ್ಟ್ರು ಮೊದಲು ಇದರ ಬಗ್ಗೆ ಬರೆದಾಗ ಅವರ ಹತ್ರ ಇದ್ದ ನಾಲ್ಕು ಜನ ರೋಗಿಗಳೂ ಹೆಂಗಸರೇ. ಅದಕ್ಕೂ ಮುಂಚೇನೇ, ಥೈರಾಯ್ಡ್ ಕಮ್ಮಿ ಆದೋರಿಗೆ ಔಷಧಿ ಅಂತ ಮೊದಲು ಕೊಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ಜಾರ್ಜ್ ಮರ‍್ರೆ ಅನ್ನೋ ಡಾಕ್ಟ್ರು, ಕುರಿ ಥೈರಾಯ್ಡಿಂದ ರಸ ತೆಗೆದು ಇಂಜೆಕ್ಷನ್ ಮಾಡಿದ್ರಂತೆ. ಆ ರೋಗೀನೂ ಹೆಂಗಸೇ, 46 ವರ್ಷ. ಆಯಮ್ಮ ಆಮೇಲೆ 74ರವರೆಗೂ ಬದುಕಿದ್ರು, ಅಷ್ಟರಲ್ಲಿ ಖರ್ಚಾದ ಕುರಿ 870ಕ್ಕೂ ಮೇಲೆ. ಇದನ್ನ ಓದಿ ಹೆಂಡ್ತಿಗೆ ಹೇಳಿದೆ, "ನಿಮ್ಮ ಶಿರಾ ಕಡೆ ಹುಟ್ಟಿದ್ರೆ ಆಯಮ್ಮಂಗೆ ಯೋಚ್ನೇನೇ ಇರ್ತಿರ್ಲಿಲ್ಲ" ಅಂತ. ನಗಲಿಲ್ಲ.

ಗಂಡಸರ ವಿಷ್ಯಕ್ಕೆ ಬರೋಣ. ನನಗೆ ಇದು ಗೊತ್ತಾಗಿದ್ದೇ ಸುತ್ತುದಾರೀಲಿ. ವರ್ಷಾವಧಿ ಚೆಕಪ್ಪಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಮೊದಲು ನೋಡಿದ ಡಾಕ್ಟ್ರು ತುಪ್ಪ ಬಿಡಿ, ವಾಕಿಂಗ್ ಮಾಡಿ ಅಂದ್ರು. ಬಿಟ್ಟೆ, ಮಾಡಿದೆ, ಇನ್ನೂ ದಪ್ಪ ಆದೆ. ಮುಖ ಬೆಳಗ್ಗೆ ಹೊತ್ತು ಊದ್ಕೊಂಡಿರೋದು, ಗಂಟಲು ಒರಟಾಯ್ತು, ಬೆರಳು ಜೋಮು ಹಿಡಿಯೋದು, ಏಪ್ರಿಲಲ್ಲಿ ತುಮಕೂರಲ್ಲಿ ಎಲ್ಲರೂ ಫ್ಯಾನ್ ಐದಕ್ಕೆ ಹಾಕಿ ಅಂದ್ರೆ ನಾನು ಎರಡಕ್ಕೆ ಇಳಿಸಿ ಅಂತಿದ್ದೆ. ಮಧ್ಯಾಹ್ನ ಊಟ ಆದ್ಮೇಲೆ ಕೌಂಟರಲ್ಲಿ ಕಣ್ಣು ಎಳ್ಕೊಂಡು ಹೋಗೋದು. ಇದಕ್ಕೆಲ್ಲ ಜನ ಕೊಟ್ಟ ಕಾರಣ ಏನು ಗೊತ್ತಾ, ಟಾರ್ಗೆಟ್ ಟೆನ್ಶನ್, ಕ್ವಾರ್ಟರ್ ಎಂಡಿಂಗ್, ನಲವತ್ತು ದಾಟ್ತಲ್ಲ. ನಮ್ಮ ಮ್ಯಾನೇಜರಂತೂ "ಏನ್ರೀ ಮನೆಯೂಟ ಜೋರಾ" ಅಂತ ಬೆನ್ನು ತಟ್ಟೋರು, ಅವರಿಗೆ ಬೆನ್ನು ತಟ್ಟೋದು ಬಿಟ್ರೆ ಬೇರೆ ಮ್ಯಾನೇಜ್‌ಮೆಂಟ್ ಬರಲ್ಲ. ಕೊನೆಗೆ ಒಬ್ಬ ಲೇಡಿ ಡಾಕ್ಟ್ರು, ಚಿಕ್ಕ ವಯಸ್ಸಿನವರು, ನನ್ನ ಮಾತು ಕೇಳ್ತಾ ಕೇಳ್ತಾನೇ ಟಿಎಸ್‌ಎಚ್ ಅಂತ ಥೈರಾಯ್ಡ್ ರಕ್ತ ಪರೀಕ್ಷೆ ಬರೆದ್ರು. ಥೈರಾಯ್ಡ್ ಕಮ್ಮಿ ಆದ್ರೆ ಕೊಲೆಸ್ಟ್ರಾಲ್ ಏರುತ್ತಂತೆ.

46 ಬಂತು. ನಾಲ್ಕು ನಾಲ್ಕೂವರೆ ಒಳಗಿರಬೇಕು. ನಂಬರ್ ಜಾಸ್ತಿ ಇದ್ಯಲ್ಲ, ಹಾಗಿದ್ರೆ ಥೈರಾಯ್ಡ್ ಜಾಸ್ತಿ ಅಂತ ಅಲ್ವಾ ಅಂದೆ. ಡಾಕ್ಟ್ರು ವಿವರಿಸಿದ್ದು ನನ್ನ ಭಾಷೇಲಿ ಹೇಳ್ಬೇಕಂದ್ರೆ, ಥೈರಾಯ್ಡ್ ಅನ್ನೋ ಬ್ರಾಂಚ್ ಮಲಗಿಬಿಟ್ಟಿದೆ, ತಲೇಲಿರೋ ಹೆಡ್ ಆಫೀಸು ಸರ್ಕ್ಯುಲರ್ ಮೇಲೆ ಸರ್ಕ್ಯುಲರ್ ಕಳಿಸ್ತಾ ಇದೆ, ಟಿಎಸ್‌ಎಚ್ ಅಂದ್ರೆ ಆ ಸರ್ಕ್ಯುಲರ್.

ಮಾತ್ರೆ ಶುರು ಮಾಡಿದ್ರೆ ನಾಳೇನೇ ಕುಣಿದಾಡ್ತೀನಿ ಅನ್ಕೊಂಡಿದ್ದೆ. ಏನೂ ಇಲ್ಲ. ಈ ಔಷಧಿ ಮೈಯಲ್ಲಿ ಅರ್ಧ ಇಳಿಯೋಕೇ ಒಂದು ವಾರ ಬೇಕು, ಹಾಗಾಗಿ ಒಂದು ಮಟ್ಟಕ್ಕೆ ಬಂದು ನಿಲ್ಲೋಕೆ ಸುಮಾರು ಆರು ವಾರ, ಅದಕ್ಕೂ ಮುಂಚೆ ಟೆಸ್ಟ್ ಮಾಡ್ಸಿ ಪ್ರಯೋಜನ ಇಲ್ಲ. ನಡುವೆ ಒಂದೆರಡು ರಾತ್ರಿ ಎದೆ ಡವಡವ ಅಂತ ನಿದ್ದೆ ಬರ್ಲಿಲ್ಲ, ಫೋನ್ ಮಾಡಿ ಕೇಳಿದೆ, ಡೋಸ್ ಜಾಸ್ತಿ ಆದ್ರೂ ಹಾಗಾಗುತ್ತೆ, ಡವಡವ ಹೆಚ್ಚಾದ್ರೆ ಬನ್ನಿ ಅಂದ್ರು, ಅದಾಗೇ ಸರಿ ಹೋಯ್ತು. ಆಮೇಲೆ ಯಾವಾಗಲೋ ಒಂದಿನ ಮಧ್ಯಾಹ್ನ ನಾಲ್ಕು ಗಂಟೆಗೆ ನಾನು ಎಚ್ಚರವಾಗಿದೀನಿ ಅಂತ ಗಮನಕ್ಕೆ ಬಂತು. ಅಷ್ಟೇ ಪವಾಡ.

ನಿಜವಾದ ಕಷ್ಟ ಕಾಫಿ. ಖಾಲಿ ಹೊಟ್ಟೇಲಿ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ಮುಟ್ಟಂಗಿಲ್ಲ, ಕಾಫಿ ಕುಡಿದ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ನಮ್ಮಮ್ಮ ಐದೂವರೆಗೆ ಡಿಕಾಕ್ಷನ್ ಇಳಿಸ್ತಾರೆ, ಆ ವಾಸನೆ ಮೂಗಿಗೆ ಬಡಿಯುತ್ತೆ, ನಾನು ಗಡಿಯಾರ ನೋಡ್ತಾ ಕೂತಿರ್ತೀನಿ. "ಒಂದು ಗುಟುಕಿಗೆ ಏನಾಗುತ್ತೋ" ಅಂತ ಅಮ್ಮ. ಕೊನೆಗೆ ಅವರೇ ನನಗೋಸ್ಕರ ಕಾಫಿ ಟೈಮು ಆರೂವರೆಗೆ ಹಾಕಿದ್ರು, ಮನೆ ಮಂದಿಗೆಲ್ಲ. ಥೈರಾಯ್ಡಿಗೆ ಆಗಲ್ಲ ಅಂತ ಎಲೆಕೋಸು ತರೋದು ನಿಂತೋಯ್ತು, ಬೇಯ್ಸಿ ತಿಂದ್ರೆ ಏನೂ ಆಗಲ್ಲ ಅಂತ ಡಾಕ್ಟ್ರು ಹೇಳಿದ್ರೂ ಕೇಳಲ್ಲ. ಹೆಂಡ್ತಿ ರಾತ್ರೀನೇ ಹಾಸಿಗೆ ಪಕ್ಕ ಲೋಟದಲ್ಲಿ ನೀರಿಟ್ಟಿರ್ತಾಳೆ. ಅತ್ತೆ ಫೋನ್ ಮಾಡಿ "ಹುಷಾರಾಗಿದೀರಾ ಅಳಿಯಂದ್ರೇ" ಅಂತ ವಿಚಾರಿಸ್ತಾರೆ. ದೊಡ್ಡಪ್ಪನ ಮಗ ಅಂತೂ ಮಾತ್ರೆ ಬಿಟ್ಬಿಡು, ಕೊತ್ತಂಬರಿ ಬೀಜದ ನೀರು ಕುಡಿ ಅಂತ ವಾಟ್ಸಾಪ್ ವಿಡಿಯೋ ಕಳಿಸ್ತಾನೇ ಇದಾನೆ, ಅವನ ಎರಡು ಸೈಟ್ ವ್ಯವಹಾರ ನೋಡಿದ ಮೇಲೂ ಅವನ ಸಲಹೆ ತಗೊಳೋರು ಇದ್ರೆ ತಗೊಳ್ಳಿ.

ಮಂಗಳವಾರ ರಾತ್ರಿ ಆ "ಓ" ಕತೆ ಹೇಳಿ ನಗ್ಸೋಣ ಅಂತ ಅಕ್ಕಂಗೆ ಫೋನ್ ಮಾಡಿದೆ. ಅಕ್ಕ ಕೇಳ್ಕೊಂಡು, "ನಂದೂ 75ಏ ಕಣೋ" ಅಂದ್ಲು. ಚಿಕ್ಕವಳು ಹೊಟ್ಟೇಲಿದ್ದಾಗಿಂದ ತಗೋತಿದಾಳಂತೆ. ಆ ಚಿಕ್ಕವಳು ಈಗ ಪಿಯುಸಿ. "ಹೇಳ್ಲೇ ಇಲ್ವಲ್ಲೇ" ಅಂದೆ. "ಹೇಳೋದೇನಿದೆ ಅದ್ರಲ್ಲಿ, ಎಲ್ಲರಿಗೂ ಇರುತ್ತೆ" ಅಂತ ಹೇಳಿ, ಕಬ್ಬಿಣದ ಮಾತ್ರೆ ಕ್ಯಾಲ್ಸಿಯಂ ಮಾತ್ರೆ ಏನಾದ್ರೂ ಇದ್ರೆ ನಾಲ್ಕು ಗಂಟೆ ಬಿಟ್ಟು ತಗೋ, ಬಾಟ್ಲೀನ ಅಡಿಗೆಮನೆ ಕಿಟಕಿ ಹತ್ರ ಇಡಬೇಡ, ಬಿಸಿಲು ತೇವ ಆಗಲ್ಲ ಅಂತ ಗಡಗಡ ಒಪ್ಪಿಸಿದ್ಲು. ಕಾಫಿಗೆ ಏನ್ ಮಾಡ್ತೀಯ ಅಂತ ಕೇಳಿದೆ. ನಾಲ್ಕೂವರೆಗೆ ಎದ್ದು ನುಂಗ್ತಾಳಂತೆ, ಯಾಕಂದ್ರೆ ಐದೂವರೆಗೆ ಅವಳ ಮಾವಂಗೆ ಕಾಫಿ ಆಗ್ಬೇಕು, ಅವರಿಗೆ ಕೊಟ್ಟು ತಾನು ಸುಮ್ನೆ ನಿಂತ್ರೆ "ಯಾಕೆ ಕುಡೀತಿಲ್ಲ" ಅಂತ ಹತ್ತು ಪ್ರಶ್ನೆ, ಅದಕ್ಕೆ ಮುಂಚೇನೇ ಏಳೋದು ಸಲೀಸು ಅಂತೆ.

ಇದು ನನಗೆ ನುಂಗಕ್ಕಾಗ್ತಿಲ್ಲ. ಅದೇ ರೋಗ, ಅದೇ ಮಾತ್ರೆ, ಅದೇ 75. ನನಗೋಸ್ಕರ ಇಡೀ ಮನೆ ಕಾಫಿ ಒಂದು ಗಂಟೆ ಮುಂದಕ್ಕೆ ಹೋಯ್ತು, ಅವಳು ತನ್ನ ನಿದ್ದೇನೇ ಒಂದು ಗಂಟೆ ಹಿಂದಕ್ಕೆ ತಳ್ಳಿದಾಳೆ, ಅದೂ ಸುಸ್ತಿನ ಕಾಯ್ಲೆಗೆ! ಗಂಡಸು ಸುಸ್ತು ಅಂದ್ರೆ ಆಫೀಸು ಕಾರಣ, ಅದೂ ಅಲ್ಲ ಅಂದ್ರೆ ದೊಡ್ಡ ಕಾಯ್ಲೆ, ಮನೆಯೆಲ್ಲ ಎದ್ದು ಕೂರುತ್ತೆ. ಹೆಂಗಸು ಸುಸ್ತು ಅಂದ್ರೆ ಅದು ಸುದ್ದೀನೇ ಅಲ್ಲ, ಎಲ್ಲರಿಗೂ ಇರುತ್ತೆ. "ಹೆಂಗಸರ ಕಾಯ್ಲೆ" ಅಂತ ಹಣೆಪಟ್ಟಿ ಹಚ್ಚಿ ಗಂಡಸರಿಗೆ ಟೆಸ್ಟೇ ಬರೆಯಲ್ಲ, ಅದೇ ಹಣೆಪಟ್ಟಿ ನೋಡ್ಕೊಂಡು ಹೆಂಗಸರನ್ನ ಯಾರೂ ವಿಚಾರಿಸಲ್ಲ. ಭಾವ ಕೆಟ್ಟವರೇನಲ್ಲ, ಆದ್ರೆ ಹೆಂಡ್ತಿ ಯಾವ ಮಾತ್ರೆ ತಗೋತಾಳೆ ಅಂತ ಕೇಳಿದ್ರೆ ಅವರಿಗೆ ಗೊತ್ತಿರಲ್ಲ ಅಂತ ಬರ್ಕೊಡ್ತೀನಿ, ಕಾರ್ ಸರ್ವಿಸ್ ಡೇಟ್ ಮಾತ್ರ ಬಾಯಿಪಾಠ.

ಇನ್ನೊಂದು ಲೆಕ್ಕ ಹಾಕಿದೆ, ಬ್ಯಾಂಕ್ ಬುದ್ಧಿ. 50 ಮೈಕ್ರೋಗ್ರಾಂ ಮಾತ್ರೆ ಅಂದ್ರೆ ಒಂದು ಗ್ರಾಂ ಔಷಧೀಲಿ 20,000 ಮಾತ್ರೆ ಆಗುತ್ತೆ, ದಿನಕ್ಕೊಂದು ನುಂಗಿದ್ರೆ 54 ವರ್ಷದ ಮೇಲೆ. ಒಂದು ಗ್ರಾಂ, ಚಿನ್ನದಂಗಡೀಲಿ ಒಂದು ಬಳೆಗೂ ಸಾಲದು. ಅಷ್ಟರಲ್ಲಿ ಮನುಷ್ಯ ಎದ್ದು ಓಡಾಡ್ತಾನೆ, ಅದಿಲ್ದೇ ಇದ್ರೆ ಕೌಂಟರಲ್ಲಿ ತೂಕಡಿಸ್ತಾನೆ.

ನಿನ್ನೆ ಊಟಕ್ಕೆ ಕೂತಾಗ ಬ್ಯಾಂಕಲ್ಲಿ ಬೇಕಂತಲೇ ಜೋರಾಗಿ ಹೇಳ್ದೆ, ನಂಗೆ ಥೈರಾಯ್ಡ್ ಅಂತ. ಎದುರಿಗಿದ್ದ ನಾಲ್ಕು ಜನ ಲೇಡೀಸಲ್ಲಿ ಇಬ್ಬರು ತಲೆ ಎತ್ತದೆ, "ಎಷ್ಟು ಡೋಸ್ ಸಾರ್?" ಅಂದ್ರು. ಗಂಡಸರು ಯಾರೂ ಮಾತಾಡ್ಲಿಲ್ಲ. ಸಂಜೆ ಲೋನ್ ಸೆಕ್ಷನ್‌ನವರೊಬ್ರು, ಅವರೂ ನನ್ನಂಗೇ ಏಪ್ರಿಲಲ್ಲಿ ಫುಲ್ ಸ್ವೆಟರ್ ಹಾಕೋ ಗಿರಾಕಿ, ಕೊಲೆಸ್ಟ್ರಾಲ್ ಬಂದು ವರ್ಷ ಆಯ್ತು, ಪಾರ್ಕಿಂಗ್ ಹತ್ರ ಬಂದು ಅತ್ಲಾಗೆ ಇತ್ಲಾಗೆ ನೋಡಿ "ಆ ಟೆಸ್ಟ್ ಎಲ್ಲಿ ಮಾಡ್ತಾರೆ ಸಾರ್, ಲೇಡಿ ಡಾಕ್ಟ್ರ ಹತ್ರಾನೇ ಹೋಗ್ಬೇಕಾ?" ಅಂತ ಕೇಳಿದ್ರು. ಯಾವ ಲ್ಯಾಬಲ್ಲಾದ್ರೂ ಆಗುತ್ತೆ, ತೋಳಿಂದಾನೇ ರಕ್ತ ತಗೋತಾರೆ ಅಂದೆ. ಸೋಮವಾರ ಹೋಗ್ತಾರಂತೆ, ಯಾರಿಗೂ ಹೇಳ್ಬೇಡಿ ಅಂದ್ರು.