ಅರ್ಥ ಗೊತ್ತಿದ್ದರೆ ಪದ ಬಂದಂತಲ್ಲ

ಇಂಗ್ಲಿಷ್ ಸುಮಾರಾಗಿ ಚೆನ್ನಾಗಿಯೇ ಬರುವವರು ಮುಂದಿನ ಹಂತಕ್ಕೆಂದು ಕಷ್ಟದ ಪದಗಳ ಪಟ್ಟಿ ಹಿಡಿದು ಕೂರುತ್ತಾರೆ. ಎಡಕ್ಕೆ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ಓದುವಾಗ ಇದು ಹೇಗೋ ನಡೆಯುತ್ತದೆ, ಬರೆಯಲು ಹೊರಟಾಗ ಕೈಕೊಡುತ್ತದೆ.

'ಇಗ್‌ಜ್ಯಾಸರ್ಬೇಟ್' (exacerbate) ಪದವನ್ನೇ ನೋಡಿ. 'ಹೆಚ್ಚಿಸು' ಎಂದಷ್ಟೇ ಉರುಹೊಡೆದವರು ಅದನ್ನು ಸಂಬಳಕ್ಕೂ ಸಂತೋಷಕ್ಕೂ ಬಳಸಿಬಿಡುತ್ತಾರೆ. ಆದರೆ ಅದು ಕೂಡುವುದು ಪ್ರಾಬ್ಲಮ್, ಟೆನ್ಶನ್, ಪೇನ್‌ನಂಥ ಪದಗಳ ಜೊತೆ; ಮೊದಲೇ ಇದ್ದ ತೊಂದರೆ ಉಲ್ಬಣಿಸಿದಾಗ ಮಾತ್ರ. ಹಾಗಾಗಿ ಯಾವ ಪದವನ್ನೂ ಒಂಟಿಯಾಗಿ ಬರೆದುಕೊಳ್ಳಬೇಡಿ. ಲರ್ನರ್ಸ್ ಡಿಕ್ಷನರಿ (ಭಾಷೆ ಕಲಿಯುವವರಿಗೆಂದೇ ಇರುವ ನಿಘಂಟು) ಅಥವಾ ಕೊಲೊಕೇಶನ್ ಡಿಕ್ಷನರಿ (ಯಾವ ಪದದ ಜೊತೆ ಯಾವುದು ಕೂಡುತ್ತದೆಂದು ತೋರಿಸುವ ನಿಘಂಟು) ತೆರೆದು, ಅದರ ಜೊತೆಗೆ ಬರುವ ಎರಡು ಮೂರು ಪದಗಳನ್ನೂ ಒಂದು ಇಡೀ ವಾಕ್ಯವನ್ನೂ ಸೇರಿಸಿ. ಆನ್‌ಲೈನ್ ಆವೃತ್ತಿಯಲ್ಲಿ ಉಚ್ಚಾರಣೆಯನ್ನೂ ಆಗಲೇ ಕೇಳಿಬಿಡಿ; ಕಣ್ಣಿನಿಂದಲೇ ಕಲಿತ ತಪ್ಪು ಉಚ್ಚಾರಣೆ ಆಮೇಲೆ ಸುಲಭಕ್ಕೆ ಬಿಡುವುದಿಲ್ಲ.

ಪದಗಳು ನೀವು ಓದುವುದರಿಂದಲೇ ಬರಲಿ. ಕಾದಂಬರಿ, ಪತ್ರಿಕೆಗಳನ್ನು ನೆರವಿಲ್ಲದೆ ಓದಲು ಶೇ. 98ರಷ್ಟು ಪದಗಳು ಗೊತ್ತಿರಬೇಕು, ಅದಕ್ಕೆ 8,000ರಿಂದ 9,000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕು ಎಂದು ಭಾಷಾವಿಜ್ಞಾನಿ ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದ್ದರು. ಅಂದರೆ 300 ಪದಗಳ ಪುಟದಲ್ಲಿ ಗೊತ್ತಿಲ್ಲದವು ಆರು. ಇಪ್ಪತ್ತು ಸಿಕ್ಕರೆ ಆ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ, ಏಕೆಂದರೆ ಅರ್ಥ ಊಹಿಸಲು ನೆರವಾಗಬೇಕಾದ ಅಕ್ಕಪಕ್ಕದ ಪದಗಳೇ ಅಲ್ಲಿ ಅಪರಿಚಿತ. ಉನ್ನತ ವ್ಯಾಸಂಗಕ್ಕೆ ಹೊರಟವರಿಗೆ ಮಾತ್ರ ಒಂದು ಪಟ್ಟಿ ನಿಜಕ್ಕೂ ಉಪಯುಕ್ತ: ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ, 570 ಪದಕುಟುಂಬಗಳ ಅಕಾಡೆಮಿಕ್ ವರ್ಡ್ ಲಿಸ್ಟ್.

ದಿನಕ್ಕೆ ಐದಾರು ಹೊಸ ಪದ ಸಾಕು; ಒಂದೊಂದಕ್ಕೂ ಒಂದು ಕಾರ್ಡ್ ಮಾಡಿಕೊಂಡು ಮತ್ತೆ ಮತ್ತೆ ನೋಡಿ. ಇಪ್ಪತ್ತು ಸೇರಿಸುತ್ತ ಹೋದರೆ ಎರಡೇ ವಾರದಲ್ಲಿ ಪುನರಾವರ್ತನೆಯ ರಾಶಿ ಬೆಳೆದು, ಕಾರ್ಡ್ ತೆರೆಯುವುದೇ ಬೇಡವೆನಿಸುತ್ತದೆ. ಕಾರ್ಡಿನ ಮುಂದೆ ವಾಕ್ಯ ಬರೆದು ಪದದ ಜಾಗ ಖಾಲಿ ಬಿಡಿ, ಮೊದಲ ಅಕ್ಷರ ಮಾತ್ರ ಕೊಡಿ. ಪದ ಹಿಂದೆ ಇರಲಿ. ಪದ ನೋಡಿ ಅರ್ಥ ಹೇಳುವುದು ಸುಲಭ. ಅರ್ಥದಿಂದ ಪದವನ್ನು ಎಳೆದು ತರುವುದೇ ಬರವಣಿಗೆಗೆ ಬೇಕಾದ ಅಭ್ಯಾಸ. ಮರುದಿನ, ಮೂರು ದಿನ, ಒಂದು ವಾರ, ಎರಡು ವಾರ, ಒಂದು ತಿಂಗಳು, ಹೀಗೆ ಅಂತರ ಹಿಗ್ಗಿಸಿ. ತಪ್ಪಿದ ಕಾರ್ಡ್ ಮತ್ತೆ ಮೊದಲಿನಿಂದ. ಇಂಥ ಕಾರ್ಡ್‌ಗಳಿಗೆಂದೇ ಇರುವ ಆಂಕಿ ಆ್ಯಪ್ ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಹತ್ತಿರದ ಅರ್ಥದ, ಒಂದೇ ಥರ ಕೇಳಿಸುವ ಪದಗಳನ್ನು ಒಟ್ಟಿಗೆ ಕಲಿಯಬೇಡಿ. 'ಮಿಟಿಗೇಟ್' ಎಂದರೆ ತೀವ್ರತೆ ತಗ್ಗಿಸು, 'ಮಿಲಿಟೇಟ್ ಅಗೇನ್ಸ್ಟ್' ಎಂದರೆ ಅಡ್ಡಿಯಾಗು. ಒಂದೇ ದಿನ ಕಲಿತರೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಮೊದಲನೆಯದು ನಿಮ್ಮದೇ ವಾಕ್ಯಗಳಲ್ಲಿ ತಡವರಿಸದೆ ಬರುವವರೆಗೂ ಎರಡನೆಯದನ್ನು ಮುಟ್ಟಬೇಡಿ.